ಜವಳಿ ತೆಗೆಯಲು ಬಂದವರ ಪೇಟೆ

ಬೆಂಗಳೂರಿನ ಹಳೇ ಪೇಟೆಯನ್ನು ತೋರಿಸುವ ಪಾರಂಪರಿಕ ನಡಿಗೆಗಳು ಹೆಚ್ಚಾಗಿ ಭಾನುವಾರ ಬೆಳಗ್ಗೆ ನಡೆಯುತ್ತವೆ. ಅದಕ್ಕೆ ಕಾರಣವಿದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಬಹಳಷ್ಟು ಅಂಗಡಿಗಳಿಗೆ ಅಂದು ರಜೆ. ತಳ್ಳುಗಾಡಿ, ಗೂಡ್ಸ್ ಆಟೋ, ಹಮಾಲರ ಕಾಟವಿಲ್ಲ. ರಸ್ತೆಯ ನಡುವೆ ನಿಂತು ಮಹಡಿಯ ಮರದ ಕಂಬ, ಗಾರೆಯ ಹೂಬಳ್ಳಿ, ಕಟ್ಟಿಸಿದ ಇಸವಿ ಬರೆದ ಮುಂಗಟ್ಟುಗಳನ್ನು ಸಾವಕಾಶವಾಗಿ ನೋಡಬಹುದು. ಕರೆದುಕೊಂಡು ಹೋದವರ ಮಾತು ಕೇಳಿಸುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. ಬಿಸಿಲೇರುವ ಹೊತ್ತಿಗೆ ಎಲ್ಲರೂ ದೋಸೆ ತಿಂದು ಮನೆ ಸೇರುತ್ತಾರೆ.

ಈ ನಡಿಗೆಗಳನ್ನು ಲೇವಡಿ ಮಾಡುವುದು ನನ್ನ ಉದ್ದೇಶವಲ್ಲ. ಬೆಂಗಳೂರೆಂದರೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಷ್ಟೇ ಎಂದುಕೊಂಡಿದ್ದ ಎಷ್ಟೋ ಜನ ಅವುಗಳಿಂದಾಗಿಯೇ ಪೇಟೆಯ ಮುಖ ನೋಡಿದ್ದಾರೆ. ನನ್ನ ತಕರಾರು ಬೇರೆ. ವ್ಯಾಪಾರಕ್ಕಾಗಿಯೇ ಹುಟ್ಟಿದ ಊರನ್ನು ವ್ಯಾಪಾರ ನಿಂತ ದಿನ ನೋಡಿಬಂದು ಇದೇ ನಮ್ಮ ಪರಂಪರೆ ಎಂದು ತೀರ್ಮಾನಿಸಿದರೆ, ಏನನ್ನು ಉಳಿಸಬೇಕು ಎಂಬ ಪಟ್ಟಿಯೂ ಅಡ್ಡದಾರಿ ಹಿಡಿಯುತ್ತದೆ. ಕಟ್ಟಡಗಳು ಪಟ್ಟಿಗೆ ಸೇರುತ್ತವೆ, ಅವುಗಳ ಬುಡದಲ್ಲಿ ನಡೆಯುವ ಕೆಲಸ ಹೊರಗೆ ಉಳಿಯುತ್ತದೆ. ಪೇಟೆಯ ಮಟ್ಟಿಗೆ ಪರಂಪರೆಯೆಂದರೆ ಒಂದು ವ್ಯಾಪಾರ ಪದ್ಧತಿ, ಮತ್ತು ಆ ಪದ್ಧತಿಯನ್ನು ಹೊತ್ತು ನಿಂತ ಕಿರುಬೀದಿಗಳ ಜಾಲ. ಇವೆರಡು ಉಳಿದರೆ ಪೇಟೆ ಉಳಿಯುತ್ತದೆ. ಇವು ಹೋಗಿ ಮುಂಗಟ್ಟುಗಳು ಮಾತ್ರ ಉಳಿದರೆ ನಮಗೆ ಸಿಗುವುದು ಸಿನಿಮಾ ಸೆಟ್ಟು.

1537ರಲ್ಲಿ ಕೆಂಪೇಗೌಡ ಮಣ್ಣಿನ ಕೋಟೆ ಕಟ್ಟಿಸಿ ಊರು ಹೂಡಿದಾಗ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದ ಕಥೆ ಎಲ್ಲರಿಗೂ ಗೊತ್ತು. ಕಥೆ ಎಷ್ಟು ನಿಜವೋ, ಆದರೆ ಅದು ಹೇಳುವ ಎರಡು ಬೀದಿಗಳು ಈಗಲೂ ಇವೆ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ. ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಒಡೆಯರು ಮಾತ್ರ ಬದಲಾಗುತ್ತ ಹೋದರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಊರು ಹಿಡಿದ ಮೇಲೆ ಅದು ಷಹಜಿಯ ಜಹಗೀರಾಯಿತು. 1687ರಲ್ಲಿ ಮೊಗಲರ ವಶವಾಯಿತು. ಮುಂದೆ ಮೂರೇ ವರ್ಷಕ್ಕೆ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಕೊಂಡರು. (ಊರನ್ನೇ ರೊಕ್ಕ ಕೊಟ್ಟು ಕೊಂಡದ್ದು ಬೆಂಗಳೂರಿನ ಸ್ವಭಾವಕ್ಕೆ ಒಪ್ಪುವಂತಿದೆ, ಇಲ್ಲಿ ಜಾಗದ ವ್ಯವಹಾರ ಇಂದು ನಿನ್ನೆಯದಲ್ಲ.) 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಗೆ ನುಗ್ಗಿ, ಎರಡು ವಾರದ ಮೇಲೆ ಕೋಟೆ ಹಿಡಿಯಿತು. ಪೇಟೆಯನ್ನು ಸುತ್ತುವರಿದಿದ್ದ ಗೋಡೆ ಮತ್ತು ಕಂದಕ ಆಮೇಲಿನ ಬ್ರಿಟಿಷ್ ಆಡಳಿತದಲ್ಲಿ ಹೋದವು. ಹಲಸೂರು ಗೇಟಿನಲ್ಲಿ ಈಗ ಗೇಟಿಲ್ಲ, ಪೊಲೀಸ್ ಠಾಣೆಯಿದೆ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಕರಗಿದರೂ ಬಸ್ಸಿನ ಕಂಡಕ್ಟರು ಈಗಲೂ ಮೈಸೂರು ಬ್ಯಾಂಕ್ ಸರ್ಕಲ್ ಎಂದೇ ಕೂಗುತ್ತಾನೆ.

ಇಷ್ಟು ಕೈ ಬದಲಾದ ಊರಿನಲ್ಲಿ ಕೆಂಪೇಗೌಡನ ಕಾಲದ ಮನೆಗಳನ್ನು ಹುಡುಕುವುದು ವ್ಯರ್ಥ. ಈಗ ಹಳೆಯವೆಂದು ತೋರಿಸುವ ಕಟ್ಟಡಗಳಲ್ಲಿ ದೇವಸ್ಥಾನಗಳನ್ನು ಬಿಟ್ಟರೆ ಹೆಚ್ಚಿನವು ಕಳೆದ ನೂರು ನೂರೈವತ್ತು ವರ್ಷಗಳವು. ಪೇಟೆ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತಲೇ ಬಂದಿದೆ. ಬದಲಾಗದೆ ನಿಂತದ್ದು ಬೀದಿಯ ಅಗಲ, ಒಂದೊಂದು ಬೀದಿಗೆ ಒಂದೊಂದು ಕಸುಬು ಎಂಬ ಏರ್ಪಾಡು.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಗಾಗಿ ಲೆಕ್ಕ ಬರೆಯಲು ಬಂದವನು. ಅವನಿಗೆ ಬೇಕಾಗಿದ್ದುದು ಮಗ್ಗ, ಬಣ್ಣ, ನೂಲು, ಯಾವ ಸರಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ವಿವರ. ರೇಷ್ಮೆ ನೇಯುವ ಪಟ್ಟೇಗಾರರಿಂದ ಹಿಡಿದು ದೇವಾಂಗರವರೆಗೆ ಯಾರು ಏನು ನೇಯುತ್ತಾರೆ ಎಂದು ವಿಚಾರಿಸಿ ಬರೆದುಕೊಂಡ. ಅವನ ಉದ್ದೇಶ ನಮಗೆ ಹಿಡಿಸಬೇಕಾಗಿಲ್ಲ. ಆದರೆ ಪೇಟೆಯಲ್ಲಿ ನೋಡಬೇಕಾದ್ದು ಯಾವುದು ಎಂಬುದು ಆ ಲೆಕ್ಕಿಗನಿಗೆ ಗೊತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಅಕ್ಕಿಪೇಟೆಯಲ್ಲಿ ಈಗ ಅಕ್ಕಿ ಎಲ್ಲಿದೆ? ಅರಳೆಪೇಟೆಯಲ್ಲಿ ಅರಳೆ? ಬಳೇಪೇಟೆಗೆ ಹೋದರೆ ಬಳೆಗಿಂತ ಹೆಚ್ಚಾಗಿ ವೀಣೆ, ತಬಲ, ಹಾರ್ಮೋನಿಯಂ ಕಾಣುತ್ತವೆ. ತರಗುಪೇಟೆಯ ಧಾನ್ಯದ ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಯಿತು. ಕಸುಬೇ ಬದಲಾಗಿರುವಾಗ ಉಳಿದ ಪರಂಪರೆ ಯಾವುದು?

ನನಗೆ ಕಾಣುವುದು ಹೀಗೆ. ಮಾಲು ಬದಲಾಗಿದೆ, ಮಾರುವ ರೀತಿ ಬದಲಾಗಿಲ್ಲ. ಒಂದೇ ಸರಕಿನ ನಲವತ್ತು ಅಂಗಡಿ ಒತ್ತೊತ್ತಾಗಿ ಕೂತಿರುವುದೇ ಆ ರೀತಿಯ ಗುಟ್ಟು. ಹೊರಗಿನವರಿಗೆ ಇದು ಮೂರ್ಖತನವಾಗಿ ಕಾಣಬಹುದು. ಪಕ್ಕದಲ್ಲೇ ಎದುರಾಳಿಯನ್ನಿಟ್ಟುಕೊಂಡು ಯಾರಾದರೂ ವ್ಯಾಪಾರ ಮಾಡುತ್ತಾರೆಯೇ? ಆದರೆ ಕೊಳ್ಳುವವನಿಗೆ ಇಡೀ ಬೀದಿ ಒಂದೇ ಅಂಗಡಿ. ದರ ನಾಲ್ಕು ಕಡೆ ವಿಚಾರಿಸುವುದಕ್ಕೆ ನಾಲ್ಕು ಹೆಜ್ಜೆ ಸಾಕು. ಅಂಗಡಿಯವನ ಹತ್ತಿರ ಇಲ್ಲದ ಮಾಲನ್ನು ಅವನ ಹುಡುಗ ಪಕ್ಕದ ಅಂಗಡಿಯಿಂದ ತಂದುಕೊಡುತ್ತಾನೆ, ಲೆಕ್ಕ ಸಂಜೆಗೆ. ರಿಪೇರಿಯವನು ಅದೇ ಬೀದಿಯ ಮಹಡಿ ಮೇಲೆ. ಬಿಡಿಭಾಗ ಹಿಂದಿನ ಸಂದಿಯಲ್ಲಿ. ಇದಕ್ಕೆ ಒಳ್ಳೆಯ ಸಾಕ್ಷಿ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್‌ಪಿ ರೋಡು. ಹಳೇ ಯಂತ್ರದ ಭಾಗಗಳು, ಹಾರ್ಡ್‌ವೇರ್ ಮಾರುತ್ತಿದ್ದ ಬೀದಿ ಕಂಪ್ಯೂಟರ್ ಬಂದಾಗ ಕಂಪ್ಯೂಟರಿನ ಬೀದಿಯಾಯಿತು. ಯಾವ ಸರ್ಕಾರವೂ ಅಲ್ಲಿ ಎಲೆಕ್ಟ್ರಾನಿಕ್ಸ್ ಪಾರ್ಕ್ ಮಾಡುತ್ತೇನೆಂದು ಶಂಕುಸ್ಥಾಪನೆ ಮಾಡಲಿಲ್ಲ. ಪ್ರಾಜೆಕ್ಟಿಗೆ ಒಂದು ಸರ್ಕ್ಯೂಟ್ ಬೋರ್ಡು, ಎರಡು ಸೆನ್ಸರ್ ಬೇಕಾದ ಎಂಜಿನಿಯರಿಂಗ್ ಹುಡುಗರು ಈಗಲೂ ಅಲ್ಲಿಗೇ ಹೋಗುತ್ತಾರೆ.

ಪೇಟೆಯನ್ನು ನಿಜವಾಗಿ ಸುತ್ತಿದವರು ಯಾರು ಎಂದು ಕೇಳಿದರೆ ನಾನು ಮದುವೆ ಜವಳಿ ತೆಗೆಯಲು ಬಂದವರತ್ತ ಕೈ ತೋರಿಸುತ್ತೇನೆ. ತುಮಕೂರು, ಕೋಲಾರ, ರಾಮನಗರದ ಕಡೆಯಿಂದ ಬೆಳಗಿನ ಬಸ್ಸಿಗೋ ರೈಲಿಗೋ ಬಂದಿಳಿಯುವ ಏಳೆಂಟು ಜನ: ಹುಡುಗಿ, ಅವಳ ಅಮ್ಮ, ದೊಡ್ಡಮ್ಮ, ಸೋದರತ್ತೆ, ದುಡ್ಡಿನ ಚೀಲ ಕಂಕುಳಲ್ಲಿ ಅವುಚಿಕೊಂಡ ಅಪ್ಪ, ಗಂಟು ಹೊರಲು ಒಬ್ಬ ಅಳಿಯ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ, ನಗರ್ತಪೇಟೆಯ ಕಡೆಗೋ ರಾಜಾ ಮಾರ್ಕೆಟಿಗೋ ಹೋಗಿ ತಾಳಿ ಓಲೆ, ಬಳೆ ಕುಂಕುಮ, ತಾಂಬೂಲಕ್ಕೆ ಹಾಕುವ ಬ್ಯಾಗು, ಪಾತ್ರೆ. ಹೂವಿನ ದರ ವಿಚಾರಿಸಲು ಕೆ.ಆರ್. ಮಾರ್ಕೆಟ್. ಯಾರ ಕೈಯಲ್ಲೂ ನಕ್ಷೆ ಇರುವುದಿಲ್ಲ. ದೊಡ್ಡಮ್ಮ ತನ್ನ ಮಗಳ ಮದುವೆಗೆ ತೆಗೆದ ಅಂಗಡಿಯೇ ನಕ್ಷೆ.

ಅವರ ಹಿಂದೆಯೇ ಒಂದು ಅಂಗಡಿ ಹತ್ತಿ ನೋಡಿ. ಮೆಟ್ಟಿಲು ಕಡಿದು, ಒಬ್ಬರು ಇಳಿಯುವಾಗ ಹತ್ತುವವರು ಗೋಡೆಗೆ ಒರಗಿ ನಿಲ್ಲಬೇಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಗೋಡೆಯಿಂದ ಗೋಡೆಗೆ ಬಿಳಿ ಹೊದಿಕೆ ಹಾಸಿದ ಗಾದಿ. ಮಾರುವವನೂ ಕೊಳ್ಳುವವರೂ ಒಂದೇ ಮಟ್ಟದಲ್ಲಿ ಕೆಳಗೆ ಕೂರುತ್ತಾರೆ. ಅವನು ಮೊದಲು ಕೇಳುವುದು ಎಷ್ಟರಲ್ಲಿ ಬೇಕು ಎಂದಲ್ಲ. ಯಾವೂರು, ಮುಹೂರ್ತದ ಸೀರೆಯೋ ಬೀಗಿತ್ತಿಗೋ ಎಂದು ಕೇಳುತ್ತಾನೆ. ಬಂದ ಉತ್ತರದಲ್ಲೇ ಬೆಲೆಯ ಅಂದಾಜು ಅವನಿಗೆ ಸಿಕ್ಕಿರುತ್ತದೆ. ಒಂದೊಂದೇ ಸೀರೆಯ ಸೆರಗು ಬಿಚ್ಚಿ ಎಸೆಯುತ್ತಾನೆ, ಅದು ಗಾಳಿಯಲ್ಲಿ ಹರಡಿ ಹಿಂದಿನ ಸೀರೆಯ ಮೇಲೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಮಂಡಿಯೆತ್ತರ ರಾಶಿ. ‘ಸಾಕಪ್ಪ, ಇನ್ನು ತೆಗೀಬೇಡ’ ಎಂದು ಅಮ್ಮನಿಗೆ ಸಂಕೋಚ. ‘ತಗೊಳ್ಳೋದು ಬಿಡೋದು ಆಮೇಲಮ್ಮ, ಮೊದಲು ಕಣ್ತುಂಬ ನೋಡಿ’ ಎಂದು ಅವನು. ಸೋದರತ್ತೆ ಜರಿಯನ್ನು ಉಗುರಲ್ಲಿ ಕೆರೆದು ನೋಡುತ್ತಾಳೆ. ಅವನು ಕಂಡೂ ಕಾಣದಂತೆ ಇರುತ್ತಾನೆ. ಆಯ್ಕೆಯಾದದ್ದು ಬಿಲ್ಲಿಗೆ ಹೋದ ಮೇಲೆ ಇಬ್ಬರು ಹುಡುಗರು ಆ ರಾಶಿಯನ್ನೆಲ್ಲ ಮೊದಲಿನ ಮಡಿಕೆಯಲ್ಲೇ ಮಡಿಸಿ ಅಟ್ಟಣಿಗೆಗೆ ಸೇರಿಸುತ್ತಾರೆ. ಸೀರೆ ಮಡಿಸುವ ಆ ಕೈಚಳಕ ಯಾವ ಪಾರಂಪರಿಕ ಪಟ್ಟಿಯಲ್ಲೂ ಇಲ್ಲ.

ಆ ಗಾದಿಯ ಹಿಂದೆ ದೊಡ್ಡದೊಂದು ಪ್ರಾಂತವೇ ಇದೆ. ಧರ್ಮಾವರ, ಮೊಳಕಾಲ್ಮೂರು, ದೊಡ್ಡಬಳ್ಳಾಪುರದ ಮಗ್ಗಗಳ ಮಾಲಿಗೆ ಚಿಕ್ಕಪೇಟೆ ದೊಡ್ಡ ಮಾರುಕಟ್ಟೆ. ಇಲ್ಲಿಯ ಸಗಟು ವ್ಯಾಪಾರಿ ಒಂದು ತಿಂಗಳು ಮಾಲು ಎತ್ತದಿದ್ದರೆ ಅಲ್ಲಿ ಮಗ್ಗ ಸುಮ್ಮನಾಗುತ್ತದೆ. ಹೀಗಿರುವಾಗ ಚಿಕ್ಕಪೇಟೆಯ ಕಟ್ಟಡವೊಂದನ್ನು ಚೆಂದವಾಗಿ ದುರಸ್ತಿ ಮಾಡಿ ಕೆಫೆ ಮಾಡಿದರೆ ಪರಂಪರೆ ಉಳಿಯಿತೆಂದು ಹೇಗೆ ಹೇಳುವುದು? ಮರದ ಕಂಬ ಉಳಿದಿರುತ್ತದೆ, ನಿಜ.

ಬಳೇಪೇಟೆಯ ವಾದ್ಯದ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೂ ಇದೇ ಪಾಠ. ಮೃದಂಗವನ್ನು ಕಾಲಿನ ನಡುವೆ ಒತ್ತಿ ಹಿಡಿದು ತೊಗಲಿನ ಬಾರನ್ನು ಒಂದೊಂದೇ ಸುತ್ತು ಎಳೆದು ಬಿಗಿಯುವವನು, ಕರಣೆಯ ಕಪ್ಪನ್ನು ಪದರ ಪದರವಾಗಿ ಹಚ್ಚಿ ಕಲ್ಲಿನಿಂದ ಉಜ್ಜುತ್ತ ಆಗಾಗ ಬೆರಳಿಂದ ತಟ್ಟಿ ಕಿವಿಗೊಟ್ಟು ಕೇಳುವವನು, ಇಂಥವರ ಕೆಲಸ ಅಂಗಡಿಯ ಬಾಡಿಗೆ ಏರಿದ ದಿನ ಮುಗಿಯುತ್ತದೆ. ಸಂಗೀತ ಕಛೇರಿಗೆ ಬೇಕಾದ ಶ್ರುತಿ ಇಂಥ ಕಡೆ ಸಿದ್ಧವಾಗುತ್ತದೆ ಎಂಬುದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ.

ಪೇಟೆಯ ನಕ್ಷೆಯನ್ನು ವರ್ಷಕ್ಕೊಮ್ಮೆ ಕಾಲಲ್ಲಿ ಬರೆಯುವವರೂ ಇದ್ದಾರೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಬೆಳಗಾಗುವವರೆಗೆ ಪೇಟೆಯ ಬೀದಿ ಬೀದಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ಹಸಿ ಕರಗದ ಆಚರಣೆಗೆ ಸಂಪಂಗಿ ಕೆರೆ ಬೇಕು. ಆ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಪಕ್ಕದಲ್ಲಿ ಒಂದು ಪುಟ್ಟ ಕೊಳ ಉಳಿದಿದೆ, ಅದು ಉಳಿದದ್ದು ಕರಗದ ದೆಸೆಯಿಂದ. ಕೆಂಪೇಗೌಡನ ಕಾಲದ್ದೆನ್ನುವ ಧರ್ಮಾಂಬುಧಿ ಕೆರೆಗೆ ಅಂಥ ಬೆಂಬಲವಿರಲಿಲ್ಲ, ಅದು ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಬಳಸುವವರು ಇದ್ದದ್ದು ತುಣುಕಾಗಿಯಾದರೂ ಉಳಿಯಿತು. ಸಂರಕ್ಷಣೆಯ ಬಗ್ಗೆ ಯೋಚಿಸುವವರು ಈ ಎರಡು ಕೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಾಗೆಂದು ಪೇಟೆಯ ಹಳೆಯ ಏರ್ಪಾಡನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಕಸುಬಿಗೊಂದು ಬೀದಿ ಎಂದರೆ ಬಹುಮಟ್ಟಿಗೆ ಜಾತಿಗೊಂದು ಬೀದಿ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ, ಉಪ್ಪಾರಪೇಟೆ: ಹೆಸರುಗಳೇ ಹೇಳುತ್ತವೆ. ಬುಕಾನನ್ ಬೆಂಗಳೂರಿನ ಎಡಗೈ, ಬಲಗೈ ಪಣಗಳ, ಅಂದರೆ ಜಾತಿಗುಂಪುಗಳ, ಪಟ್ಟಿಯನ್ನೂ ಬರೆದುಕೊಂಡ, ಒಂದು ಕಡೆ ಒಂಬತ್ತು, ಇನ್ನೊಂದು ಕಡೆ ಹದಿನೆಂಟು. ಯಾರು ಎಲ್ಲಿ ವಾಸ ಮಾಡಬೇಕು, ಯಾರ ಮದುವೆ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬಹುದು ಎಂಬ ಕಟ್ಟಳೆಗಳ ಕಾಲ ಅದು. ಹಳೇ ಪೇಟೆಯ ಸೌಹಾರ್ದದ ಮಾತಾಡುವಾಗ ಕರಗ ಮತ್ತು ದರ್ಗಾವನ್ನು ಮಾತ್ರ ಹೇಳಿ ಇದನ್ನು ಬಿಟ್ಟುಬಿಡುವುದು ಸಲೀಸು, ಆದರೆ ಪ್ರಾಮಾಣಿಕವಲ್ಲ. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿನಲ್ಲಿ ಕನ್ನಡದಲ್ಲಿ ಆರಾಧನೆ ನಡೆಯುತ್ತದೆ, ಅಂಗಡಿ ಗಲ್ಲಾದಲ್ಲಿ ಮಾರವಾಡಿಗಳು ಕನ್ನಡದಲ್ಲೇ ಚೌಕಾಶಿ ಮಾಡುತ್ತಾರೆ, ಎಸ್‌ಪಿ ರೋಡಿನಲ್ಲಿ ಯಾರು ಬೇಕಾದರೂ ಅಂಗಡಿ ಇಡಬಹುದು. ಕಸುಬಿನ ಬೀದಿ ಜಾತಿಯ ಬೀದಿಯಾಗಿ ಉಳಿಯಲಿಲ್ಲ ಎಂಬುದು ಪೇಟೆ ಬದಲಾದದ್ದರ ಲಾಭ. ಎಲ್ಲವೂ ಇದ್ದ ಹಾಗೇ ಇರಲಿ ಎನ್ನುವವರು ಯಾವ ಕಾಲದ ‘ಇದ್ದ ಹಾಗೆ’ ಎಂದು ಹೇಳಬೇಕಾಗುತ್ತದೆ.

ಇನ್ನು ಇನ್ನೊಂದು ಪಂಗಡ. ಇವರಿಗೆ ಪೇಟೆಯೆಂದರೆ ಇಕ್ಕಟ್ಟು. ಅವೆನ್ಯೂ ರಸ್ತೆ ಅಗಲ ಮಾಡುವ ಪ್ರಸ್ತಾಪ ಬಂದಾಗ ವ್ಯಾಪಾರಿಗಳು ಬೀದಿಗಿಳಿದದ್ದು ಸ್ವಾರ್ಥಕ್ಕೆ ಎಂದರು. ಸ್ವಾರ್ಥ ಇದ್ದೇ ಇತ್ತು, ಅಂಗಡಿ ಹೋಗುವವನಿಗೆ ಇರದೆ ಏನು? ಆದರೆ ವಾದ ಸರಿಯಾಗಿತ್ತು. ಎಂಟು ಹತ್ತು ಅಡಿ ಆಳದ ಅಂಗಡಿಯಿಂದ ರಸ್ತೆಗೆ ಅರ್ಧ ಕೊಟ್ಟರೆ ಅಂಗಡಿ ಉಳಿಯುವುದಿಲ್ಲ. ಉಳಿದ ಚೂರುಗಳನ್ನು ಒಟ್ಟುಗೂಡಿಸಿ ಕೊಳ್ಳುವ ಶಕ್ತಿ ಇರುವವನು ಕಾಂಪ್ಲೆಕ್ಸ್ ಕಟ್ಟುತ್ತಾನೆ. ಹಳೇ ಪುಸ್ತಕದವನು, ಪೆನ್ನು ರಿಪೇರಿಯವನು, ರಬ್ಬರ್ ಸ್ಟಾಂಪಿನವನು ಆ ಕಾಂಪ್ಲೆಕ್ಸಿನ ಬಾಡಿಗೆ ಕೊಡಲಾರರು. ಅಗಲವಾದ ರಸ್ತೆಯಲ್ಲಿ ಕಾರುಗಳು ನಿಂತುಕೊಳ್ಳುತ್ತವೆ, ಅಷ್ಟೆ. ಪೇಟೆಗೆ ಕಾರಿನಲ್ಲಿ ಬರುವ ಅಗತ್ಯವೂ ಈಗ ಕಡಿಮೆಯಾಗಿದೆ. 2017ರ ಜೂನಿನಿಂದ ಮೆಟ್ರೊ ಚಿಕ್ಕಪೇಟೆಯಲ್ಲೂ ಕೆ.ಆರ್. ಮಾರುಕಟ್ಟೆಯಲ್ಲೂ ನೆಲದಡಿ ನಿಲ್ಲುತ್ತದೆ. ಸುಮಾರು ಐದು ಶತಮಾನದ ಬೀದಿಗಳಿಗೆ ಕೈ ಹಚ್ಚದೆ ಜನರನ್ನು ತಂದು ಬಿಡುವ ದಾರಿ ಇದೊಂದೇ ಇತ್ತು. ಮೇಲಿನ ರಸ್ತೆ ಅಗಲ ಮಾಡಬೇಕೆಂಬ ಹಟಕ್ಕೆ ಈಗ ಹಳೆಯ ಸಬೂಬೂ ಉಳಿದಿಲ್ಲ.

ಕಾನೂನು ಇಲ್ಲಿ ನೆರವಾಗುತ್ತದೆಯೇ? ಅದು ಸ್ಮಾರಕವನ್ನು ಬಲ್ಲದು. ಪೇಟೆಯ ದಕ್ಷಿಣದ ಅಂಚಿನಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು. ಅರಮನೆಗೆ ಈ ವೃತ್ತ ಸರಿ. ಆದರೆ ಬೀದಿಗೆ ಎಲ್ಲಿ ನಿಂತು ವೃತ್ತ ಎಳೆಯುವುದು? ಅಹಮದಾಬಾದಿನ ಹಳೇ ಊರು 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು; ಅಲ್ಲಿ ಹಳೇ ಮನೆ ಉಳಿಸಿಕೊಂಡವರಿಗೆ ಕಟ್ಟುವ ಹಕ್ಕನ್ನು ಬೇರೆಯವರಿಗೆ ಮಾರಿಕೊಳ್ಳಲು ಅವಕಾಶ ಕೊಟ್ಟರು. ಮನೆ ಉಳಿಸುವವನಿಗೆ ಕೈಗೆ ದುಡ್ಡು ಬರಬೇಕೆಂಬ ತಿಳಿವಳಿಕೆ ಅದರಲ್ಲಿದೆ. ಪಣಜಿಯ ಫೊಂಟೆನ್ಯಾಸ್ ಬಡಾವಣೆಯದು ತಿರುಗುಮುರುಗು ಕಥೆ. ಬಣ್ಣದ ಮನೆಗಳು ಚೆನ್ನಾಗಿಯೇ ಉಳಿದವು, ಈಗ ಫೋಟೋ ತೆಗೆಯಬೇಡಿ ಎಂದು ಬಾಗಿಲಿಗೆ ಬೋರ್ಡು ಹಾಕಿಕೊಂಡು ಕೂರಬೇಕಾದ ಗತಿ ಅಲ್ಲಿನವರಿಗೆ. ನೋಡಲು ಬರುವವರು ಕೊಳ್ಳಲು ಬರುವವರಿಗಿಂತ ಹೆಚ್ಚಾದ ದಿನ ಬೀದಿಯ ಸ್ವಭಾವ ಬೇರೆಯಾಗುತ್ತದೆ.

ಇಕ್ಕಟ್ಟನ್ನು ನಾನು ಸಮರ್ಥಿಸುತ್ತಿರುವುದರಿಂದ ಅದರ ಬೆಲೆಯನ್ನೂ ಹೇಳಬೇಕು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು, ಅನುಕೂಲ ಇದ್ದವರು ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಿಗೆ ಹೋದರು. ಈಗಿನ ಪ್ಲೇಗು ಬೆಂಕಿ. ಕೆಳಗೆ ಅಂಗಡಿ, ನಡುವೆ ಪ್ಲಾಸ್ಟಿಕ್ಕಿನ ಗೋದಾಮು, ಮೇಲೆ ಸಂಸಾರ. ತಲೆಯ ಮೇಲೆ ಜಡೆ ಹೆಣೆದುಕೊಂಡ ವೈರುಗಳು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯ ಇಂಥದೇ ಕಟ್ಟಡಕ್ಕೆ ಬೆಂಕಿ ಬಿದ್ದು ಜೀವಗಳು ಹೋದವು. ಬೀದಿ ಕಿರಿದು ಎಂಬುದು ಇದಕ್ಕೆ ಒಂದು ಕಾರಣ, ಪೂರ್ತಿ ಕಾರಣವಲ್ಲ. ಗೋದಾಮು ಮತ್ತು ಮನೆ ಒಂದೇ ಮೆಟ್ಟಿಲಿನಲ್ಲಿ ಇರಬಾರದು, ವೈರು ನೆಲದಡಿ ಹೋಗಬೇಕು, ಸಂದಿಯೊಳಗೆ ಹೋಗಬಲ್ಲ ಸಣ್ಣ ಅಗ್ನಿಶಾಮಕ ವಾಹನ ಹತ್ತಿರದಲ್ಲೇ ನಿಂತಿರಬೇಕು. ಇವು ಯಾವುವೂ ರಸ್ತೆ ಅಗಲೀಕರಣದಷ್ಟು ದುಬಾರಿಯಲ್ಲ. ಟೆಂಡರಿನ ಮೊತ್ತ ಸಣ್ಣದಾದ್ದರಿಂದಲೋ ಏನೋ, ಉತ್ಸಾಹವೂ ಸಣ್ಣದು.

ಎಲ್ಲವೂ ಆನ್‌ಲೈನಿಗೆ ಹೋಗುತ್ತಿರುವಾಗ ಈ ಚರ್ಚೆಯೇ ಯಾಕೆ ಎಂದು ಕೇಳುವವರೂ ಇದ್ದಾರೆ. ಮನೆಯಲ್ಲಿ ಕೂತು ವಾಟ್ಸಾಪಿನಲ್ಲಿ ಸೀರೆ ಮಾರುವ ಹೆಂಗಸರು ಮಾಲು ತರುವುದು ಎಲ್ಲಿಂದ ಎಂದು ಅವರು ಒಮ್ಮೆ ವಿಚಾರಿಸಲಿ. ಸಗಟು ಬೀದಿಗೆ ಹೊಸ ಗಿರಾಕಿಗಳು ಹುಟ್ಟಿದ್ದಾರೆ. ಅವರಿಗೂ ಕೈಯಲ್ಲಿ ಮುಟ್ಟಿ ನೋಡಿ, ಇಪ್ಪತ್ತು ತೆಗೆದು ಹದಿನೈದಕ್ಕೆ ಇಳಿಸಿ, ಉಳಿದದ್ದು ಮುಂದಿನ ವಾರ ಎನ್ನುವ ಸಲಿಗೆ ಬೇಕು. ಅದು ಮೊಬೈಲಿನಲ್ಲಿ ಬರುವುದಿಲ್ಲ.

ಆದ್ದರಿಂದ ಪೇಟೆಗೆ ಪಾರಂಪರಿಕ ಯೋಜನೆ ಬರೆಯಲು ಕೂರುವವರು ಗಾರೆಯ ಹೂಬಳ್ಳಿಗೆ ಆಮೇಲೆ ಬರಲಿ. ಸಣ್ಣ ನಿವೇಶನಗಳನ್ನು ಒಗ್ಗೂಡಿಸಿ ದೊಡ್ಡದು ಮಾಡುವುದಕ್ಕೆ ಮಿತಿ ಹಾಕುವುದು, ಹಳೇ ಬಾಡಿಗೆದಾರನಿಗೆ ಕಟ್ಟಡ ಹೊಸದಾದ ಮೇಲೂ ಅಲ್ಲೇ ಅಂಗಡಿ ಸಿಗುವಂತೆ ನೋಡಿಕೊಳ್ಳುವುದು, ಸರಕಿನ ಗಾಡಿಗಳಿಗೆ ರಾತ್ರಿಯ ಹೊತ್ತು ನಿಗದಿ ಮಾಡುವುದು, ಗಂಟು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಹಮಾಲರಿಗೆ ನಾಲ್ಕು ಕಡೆ ಕಟ್ಟೆ ನೀರು ಒದಗಿಸುವುದು, ಮೊದಲ ಪುಟದಲ್ಲಿ ಇರಬೇಕಾದವು ಇವು. ಮಾಲೀಕರು ಇದಕ್ಕೆ ಒಪ್ಪುತ್ತಾರೆಯೇ ಎಂದರೆ ಸುಲಭವಾಗಿ ಒಪ್ಪುವುದಿಲ್ಲ; ಕೆಡವಿ ಕಟ್ಟಿದರೆ ಬರುವ ದುಡ್ಡಿಗೆ ಸಮನಾದದ್ದೇನನ್ನಾದರೂ ಅಹಮದಾಬಾದಿನಂತೆ ಕೈಗೆ ಕೊಡದೆ ಅವರ ಮುಂದೆ ಸಂಸ್ಕೃತಿಯ ಮಾತಾಡುವುದು ದಂಡ. ಮತ್ತೆ ಶೌಚಾಲಯ. ಬೆಳಗಿನಿಂದ ಸಂಜೆಯವರೆಗೆ ಜವಳಿ ತೆಗೆಯುವ ಹೆಂಗಸರು ಹೋಟೆಲಿನವರ ಮುಖ ನೋಡಿಕೊಂಡು, ಬೇಡದ ಕಾಫಿ ಕುಡಿದು, ಒಳಗೆ ಹೋಗಿಬರುವ ಪರಿಸ್ಥಿತಿ ಇದೆ. ಪೇಟೆಯ ನೂರಾರು ಕೋಟಿ ವಹಿವಾಟು ನಿಂತಿರುವುದು ಅವರು ಕೊಳ್ಳುವುದರ ಮೇಲೆ. ಅವರಿಗಾಗಿ ಬೀದಿಗೊಂದು ಶುಚಿಯಾದ ಶೌಚಾಲಯ ಕಟ್ಟಲು ಪಾರಂಪರಿಕ ಸಮಿತಿಯ ಅನುಮತಿಯೂ ಬೇಕಾಗುವುದಿಲ್ಲ.